ಕುಂಡದಲ್ಲಿ ಬೆಳೆದ ಸಿನಿಮಾ

ಭಾರತೀಯ ಕಥಾಚಿತ್ರದ ಇತಿಹಾಸವನ್ನು ನಾವು 1913ರ ‘ರಾಜಾ ಹರಿಶ್ಚಂದ್ರ’ದಿಂದ ಎಣಿಸುತ್ತೇವೆ. ಅದಕ್ಕೆ ಹಿಂದಿನ ವರ್ಷ ದಾದಾಸಾಹೇಬ ಫಾಲ್ಕೆಯವರು ತೆಗೆದ ಒಂದು ಪುಟ್ಟ ಚಿತ್ರವನ್ನು ನೆನೆಯುವವರು ಕಡಿಮೆ. ಲಂಡನ್ನಿನಿಂದ ಕ್ಯಾಮೆರಾ ತರಿಸಿಕೊಂಡ ಫಾಲ್ಕೆಯವರ ಬಳಿ ಕಥಾಚಿತ್ರಕ್ಕೆ ಬೇಕಾದ ಹಣವಿರಲಿಲ್ಲ. ಅವರು ಒಂದು ಕುಂಡದಲ್ಲಿ ಬಟಾಣಿ ಬಿತ್ತಿ, ಅದರೆದುರು ಕ್ಯಾಮೆರಾ ನಿಲ್ಲಿಸಿ, ತಿಂಗಳಿಗೂ ಹೆಚ್ಚು ಕಾಲ ದಿನವೂ ಸ್ವಲ್ಪ ಸ್ವಲ್ಪವೇ ಚಿತ್ರಿಸಿದರು. ಮೊಳಕೆಯೊಡೆದು ಬಳ್ಳಿಯಾಗುವ ಆ ಚಿತ್ರ, ‘ಅಂಕುರಾಚಿ ವಾಢ’, ನೋಡಿದವರನ್ನು ಬೆರಗುಗೊಳಿಸಿತು. ಸಾಲ ಕೊಡುವವರೂ ಮುಂದೆ ಬಂದರು. ನಮ್ಮ ಸಿನಿಮಾದ ಮೂಲ ಬಂಡವಾಳ ಒಂದು ಕುಂಡ ಮತ್ತು ಒಂದು ತಿಂಗಳ ತಾಳ್ಮೆ ಎಂದರೆ ಅತಿಶಯೋಕ್ತಿಯಾಗದು.

ಈ ಮಾತನ್ನು ಹೇಳಲು ಕಾರಣವಿದೆ. ಕಳೆದ ಚಳಿಗಾಲದಲ್ಲಿ ಪುಣೆಯ ಮಗರಪಟ್ಟಾದಲ್ಲಿ ನಮ್ಮ ನೆರೆಹೊರೆಯ ಕನ್ನಡದ ಮನೆಗಳ ನಾಲ್ವರು ಕಾಲೇಜು ವಿದ್ಯಾರ್ಥಿಗಳು ಹವ್ಯಾಸವೊಂದರ ಕುರಿತು ಹನ್ನೊಂದು ನಿಮಿಷದ ಕಿರುಚಿತ್ರ ಮಾಡಿದರು. ಬಾಗಲಕೋಟೆ ಕಡೆಯ ಅಜ್ಜಿಯೊಬ್ಬರು ಏಳನೆಯ ಮಹಡಿಯ ಬಾಲ್ಕನಿಯಲ್ಲಿ ಬೆಳೆಸಿದ ಕೈತೋಟ ಅದರ ವಸ್ತು. ಒಂದು ಫೋನು, ಬಾಡಿಗೆಯ ಟ್ರೈಪಾಡ್, ಕೊರಳಪಟ್ಟಿಗೆ ಸಿಕ್ಕಿಸುವ ಒಂದು ಮೈಕು: ಸಲಕರಣೆ ಇಷ್ಟೇ. ಕೇಂದ್ರ ಸರ್ಕಾರದ ವರ್ಗಾವಣೆಗಳ ದೆಸೆಯಿಂದ ಊರೂರು ತಿರುಗಿ ಇಲ್ಲಿಗೆ ಬಂದ ನಮ್ಮ ಪಾಲಿಗೆ ಬಂದದ್ದು ಅನುಮತಿಯ ಅರ್ಜಿ ಬರೆಯುವುದು, ಚಹಾ ಒದಗಿಸುವುದು, ಕಡೆಗೆ ಅಡಿಬರಹಗಳ ಕಾಗುಣಿತ ತಿದ್ದುವುದು. ಹತ್ತಿರ ನಿಂತು ನೋಡಿದ ಆ ಕೆಲಸದಿಂದ ನಮಗೆ ಒಂದು ಅಭಿಪ್ರಾಯ ಮೂಡಿದೆ: ಹೊರನಾಡಿನ ಕನ್ನಡ ಬಳಗಗಳು ಮಕ್ಕಳಿಗೆ ಕನ್ನಡ ಕಲಿಸಲು ಹುಡುಕುತ್ತಿರುವ ದಾರಿಗಳಲ್ಲಿ ಇಂಥ ಕಡಿಮೆ ಖರ್ಚಿನ ಚಿತ್ರವೂ ಒಂದು, ಬಹುಶಃ ಉಳಿದ ಹಲವಕ್ಕಿಂತ ಮೇಲಾದ ದಾರಿ.

ಮೊದಲ ಪಾಠ ವಸ್ತುವಿನ ಆಯ್ಕೆಯದು. ಹಣವಿಲ್ಲದವರು ಹಣವಿದ್ದವರ ಸಿನಿಮಾವನ್ನು ಅನುಕರಿಸಬಾರದು. ವಿದ್ಯಾರ್ಥಿಗಳ ಆರಂಭದ ಯೋಜನೆಯಲ್ಲಿ ಡ್ರೋನ್ ಇತ್ತು, ಕೊಲೆಯಿತ್ತು, ಮಳೆಯಲ್ಲಿ ಬೆನ್ನಟ್ಟುವ ದೃಶ್ಯವಿತ್ತು. ಲೆಕ್ಕ ಹಾಕಿದಾಗ ಉಳಿದದ್ದು ಅಜ್ಜಿಯ ತೋಟವೊಂದೇ. ಆದರೆ ಅದೇ ಸರಿಯಾದ ವಸ್ತುವಾಯಿತು. ಹವ್ಯಾಸವೆಂಬುದು ದಿನವೂ ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಯಾರೂ ಸಂಬಳ ಕೊಡದೆ ನಡೆಯುವ ಕೆಲಸ. ಇಂದು ತಪ್ಪಿದ ದೃಶ್ಯ ನಾಳೆ ಮುಂಜಾನೆ ಮತ್ತೆ ಸಿಗುತ್ತದೆ. ಪೂರ್ವಕ್ಕೆ ಮುಖಮಾಡಿದ ಬಾಲ್ಕನಿಗೆ ಬೆಳಗಿನ ಬಿಸಿಲು ಬಿಟ್ಟಿಯಾಗಿ ಬರುತ್ತದೆ. ಹಣ ಕಡಿಮೆಯಿದ್ದಲ್ಲಿ ಸಮಯವನ್ನು ಖರ್ಚು ಮಾಡಬೇಕೆಂಬ ಫಾಲ್ಕೆಯವರ ಸೂತ್ರ ಇಂದಿಗೂ ಹಳತಾಗಿಲ್ಲ.

ಎರಡನೆಯದು, ಕೇಳುವುದಕ್ಕಿಂತ ನೋಡುವುದು ಮೇಲೆಂಬ ಪಾಠ. ಚಿತ್ರೀಕರಣದ ಮೊದಲ ದಿನ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, “ನಿಮ್ಮ ಹವ್ಯಾಸದ ಬಗ್ಗೆ ಹೇಳಿ ಅಜ್ಜಿ” ಎಂದು ಕೇಳಲಾಯಿತು. ಅವರು ಕಕ್ಕಾಬಿಕ್ಕಿಯಾಗಿ, “ಹವ್ಯಾಸ ಅಂದ್ರ ಏನಪಾ ತಮ್ಮಾ? ನಾ ಬರೇ ನೀರ ಹಾಕತೀನಿ” ಎಂದರು. ಅಲ್ಲಿಗೆ ಸಂದರ್ಶನ ಮುಗಿಯಿತು. ಮರುದಿನದಿಂದ ಯಾರೂ ಪ್ರಶ್ನೆ ಕೇಳಲಿಲ್ಲ. ಕ್ಯಾಮೆರಾ ಅವರ ಕೈಗಳ ಮೇಲೆ ನಿಂತಿತು. ಮೂರನೆಯ ದಿನ ಕೈಯ ಹಿಂದೆಯೇ ಮಾತೂ ಬಂತು. ಮೆಣಸಿನ ಅಗಿ ಕಿತ್ತು ನೆಡುವಾಗ, ದೊಡ್ಡಪತ್ರೆಯ ಕುಡಿ ಚಿವುಟುವಾಗ, ಅವರು ತಮ್ಮಷ್ಟಕ್ಕೆ ತಾವೇ ಆಡಿಕೊಂಡ ಮಾತುಗಳು ಯಾವ ಸಂದರ್ಶನಕ್ಕೂ ದಕ್ಕುವಂಥವಲ್ಲ. ಹವ್ಯಾಸಿಗೆ ತನ್ನ ಹವ್ಯಾಸದ ವ್ಯಾಖ್ಯಾನ ಗೊತ್ತಿರಬೇಕಾಗಿಲ್ಲ. ಅಂದಹಾಗೆ ಮರಾಠಿಯಲ್ಲಿ ಹವ್ಯಾಸಕ್ಕೆ ‘ಛಂದ’ ಎನ್ನುತ್ತಾರೆ. ಉತ್ತರ ಕರ್ನಾಟಕದ ಬಾಯಲ್ಲಿ ‘ಛಂದ’ವೆಂದರೆ ಚೆಲುವು. ಎರಡೂ ಅರ್ಥಗಳು ಆ ಬಾಲ್ಕನಿಯಲ್ಲಿ ಕೂಡಿಕೊಂಡಿದ್ದವು.

ಮೂರನೆಯ ಪಾಠ ಧ್ವನಿಯದು. ಮಸುಕಾದ ದೃಶ್ಯವನ್ನು ಪ್ರೇಕ್ಷಕ ಸಹಿಸಿಯಾನು, ಕೇಳಿಸದ ಮಾತನ್ನು ಸಹಿಸಲಾರ. ಫ್ಯಾನು, ಫ್ರಿಜ್ಜು, ಕೆಳಗಿನ ರಸ್ತೆಯ ಹಾರ್ನು, ಪಕ್ಕದ ಮನೆಯ ಕುಕ್ಕರಿನ ಸೀಟಿ, ಇವೆಲ್ಲ ನಮ್ಮ ಕಿವಿಗೆ ರೂಢಿಯಾಗಿರುತ್ತವೆ, ಮೈಕಿಗಲ್ಲ. ಬೆಳಿಗ್ಗೆ ಆರರಿಂದ ಏಳೂವರೆಯೊಳಗೆ ಮಾತಿನ ಭಾಗಗಳನ್ನು ಮುಗಿಸುವುದು, ಖಾಲಿ ಬಾಲ್ಕನಿಯ ಸದ್ದನ್ನು ಒಂದು ನಿಮಿಷ ಬೇರೆಯಾಗಿ ಧ್ವನಿಮುದ್ರಿಸಿಕೊಂಡು ಸಂಕಲನದ ಬಿರುಕುಗಳಿಗೆ ತೇಪೆ ಹಾಕುವುದು, ಇವೆರಡೂ ಕಾಸಿಲ್ಲದ ಉಪಾಯಗಳು.

ಧ್ವನಿಯ ಜೊತೆಗೇ ಹಾಡಿನ ಪ್ರಶ್ನೆ ಬರುತ್ತದೆ. ಹಿನ್ನೆಲೆಗೆ ಹೆಸರಾಂತ ಭಾವಗೀತೆಯೊಂದನ್ನು ಹಾಕುವ ಆಸೆ ಮಕ್ಕಳಿಗಿತ್ತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕವಿಯ ಹಕ್ಕು ಅವರ ನಿಧನದ ಮುಂದಿನ ವರ್ಷದಿಂದ 60 ವರ್ಷ ಉಳಿಯುತ್ತದೆ. ಕುವೆಂಪು ನಿಧನರಾದದ್ದು 1994ರಲ್ಲಿ. ಎಂದರೆ ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೂ ಇರುತ್ತದೆ. ಧ್ವನಿಮುದ್ರಿಕೆಯ ಹಕ್ಕು ಬೇರೆಯೇ. ದಾಸರ ಪದಗಳಿಗೆ ಈ ತೊಡಕಿಲ್ಲ, ಆದರೆ ಯಾರದೋ ಕ್ಯಾಸೆಟ್ಟಿನಿಂದ ಎತ್ತಿಕೊಳ್ಳುವಂತಿಲ್ಲ. ಕೊನೆಗೆ ಅಜ್ಜಿಯೇ ನೀರು ಹಾಕುತ್ತ ಗುನುಗಿದ ದಾಸರ ಪದ ಚಿತ್ರದಲ್ಲಿ ಉಳಿಯಿತು. ಕಾಯ್ದೆ ಪಾಲಿಸಿದ್ದರಿಂದ ಚಿತ್ರ ಚೆನ್ನಾಯಿತು.

ಇನ್ನು ನಾಲ್ಕನೆಯ ಪಾಠ. ಈ ಬರಹದ ತಿರುಳೂ ಅದೇ. ಗುಂಪಿನ ಹುಡುಗಿಯೊಬ್ಬಳಿಗೆ ಅಡಿಬರಹದ ಕೆಲಸ ವಹಿಸಲಾಗಿತ್ತು. ಪುಣೆಯಲ್ಲೇ ಹುಟ್ಟಿ ಬೆಳೆದ ಆಕೆ ಕನ್ನಡ ಮಾತಾಡಬಲ್ಲಳು, ತಡವರಿಸಿ ಓದಬಲ್ಲಳು. ಅಜ್ಜಿ ಮಣ್ಣನ್ನು ಬೆರಳಲ್ಲಿ ಒತ್ತಿ ನೋಡಿ, “ಇನ್ನೂ ಹದಾ ಬಂದಿಲ್ಲ” ಎನ್ನುವ ಮಾತೊಂದಿತ್ತು. ಆಕೆ ಇಂಗ್ಲಿಷಿನಲ್ಲಿ ‘ಒದ್ದೆ’ ಎಂಬರ್ಥದ ಪದ ಬರೆದಳು. ನೀರು ಹೆಚ್ಚಾದ ಮಣ್ಣೂ ಒದ್ದೆಯೇ, ಅದು ಹದವಲ್ಲ. ಇಂಗ್ಲಿಷ್ ಎಂ.ಎ. ಮಾಡಿದ ನಾವೂ ಒಂದೇ ಪದದಲ್ಲಿ ಅದನ್ನು ಹೇಳಲಾರದೆ ಹೋದೆವು. ಮರಾಠಿ ಅಡಿಬರಹ ಸಿದ್ಧವಾಗುವಾಗ, ಇದೇ ನೆಲದಲ್ಲಿ ಹಿಂದೆ ಬೇಸಾಯ ಮಾಡಿದ ಹಿರಿಯರೊಬ್ಬರು ಕೇಳಿದ ತಕ್ಷಣ ಹೇಳಿದರು: “ವಾಫಸಾ.” ಬಿತ್ತನೆಗೆ ಒದಗಿದ ಮಣ್ಣಿನ ಸ್ಥಿತಿಗೆ ಮರಾಠಿ ರೈತರು ಬಳಸುವ ಪದ ಅದು.

ಇದರ ಮಹತ್ವ ತಿಳಿಯಬೇಕಾದರೆ ಈ ನೆಲದ ಕಥೆ ಗೊತ್ತಿರಬೇಕು. ಮಗರಪಟ್ಟಾ ಹಡಪಸರದ ಹೊಲಗಳ ಮೇಲೆ ಎದ್ದ ನಗರ. ಸುಮಾರು 120 ರೈತ ಕುಟುಂಬಗಳು ತಮ್ಮ 400ಕ್ಕೂ ಹೆಚ್ಚು ಎಕರೆ ಭೂಮಿಯನ್ನು ಚೂರು ಚೂರಾಗಿ ಮಾರಿಕೊಳ್ಳದೆ, ಒಟ್ಟುಗೂಡಿಸಿ, ತಾವೇ ಪಾಲುದಾರರಾಗಿ ಈ ನಗರ ಕಟ್ಟಿಸಿದವು. ಹೊಲ ಕಟ್ಟಡವಾದ ಜಾಗದಲ್ಲಿ, ಹೊಲ ಬಿಟ್ಟುಬಂದ ಕನ್ನಡದ ಅಜ್ಜಿ ಕುಂಡದಲ್ಲಿ ಮಣ್ಣು ತುಂಬಿ ಹದ ನೋಡುತ್ತಾರೆ. ಆ ಪದದ ಜೋಡಿ ಇಲ್ಲಿನ ಹಳೆಯ ರೈತನ ನಾಲಗೆಯಲ್ಲಿ ಇನ್ನೂ ಇದೆ. ನಡುವೆ ನಿಂತ ಹುಡುಗಿಗೆ ಎರಡೂ ಪದಗಳು ಒಂದೇ ವಾರದಲ್ಲಿ ಸಿಕ್ಕವು. ಯಾವ ಕನ್ನಡ ತರಗತಿ ಈ ಪದವನ್ನು ಹೀಗೆ ಕಲಿಸೀತು? ಹನ್ನೊಂದು ನಿಮಿಷದ ಮಾತನ್ನು ಅಕ್ಷರಕ್ಕಿಳಿಸಲು ಆಕೆ ಅದನ್ನು ಇಪ್ಪತ್ತು ಬಾರಿಯಾದರೂ ಕೇಳಿದ್ದಾಳೆ. ತನ್ನ ಸ್ವಂತ ಅಜ್ಜಿಯ ಮಾತನ್ನು ಇಷ್ಟು ಲಕ್ಷ್ಯಗೊಟ್ಟು ಕೇಳಿದ ಮೊಮ್ಮಕ್ಕಳು ಎಷ್ಟು ಮಂದಿ ಇದ್ದಾರು?

ಆಕ್ಷೇಪಗಳನ್ನು ನಾವು ಬಲ್ಲೆವು. ಎಲ್ಲರೂ ರೀಲ್ಸ್ ಮಾಡುತ್ತಿರುವಾಗ ಇದರಲ್ಲೇನು ವಿಶೇಷವೆಂದು ಕೇಳುವವರಿದ್ದಾರೆ. ರೀಲ್ಸ್ ಮಾಡುವವನು ತನ್ನ ಮುಖವನ್ನು ತೋರಿಸುತ್ತಾನೆ, ಇಂಥ ಚಿತ್ರ ಮಾಡುವವನು ಇನ್ನೊಬ್ಬರ ಕೆಲಸವನ್ನು ಗಮನಿಸುತ್ತಾನೆ. ಈ ವ್ಯತ್ಯಾಸ ಸಣ್ಣದಲ್ಲ.

ಕನ್ನಡದಲ್ಲಿ ಮಾಡಿದರೆ ಯಾರು ನೋಡುತ್ತಾರೆಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ಉತ್ತರ ಇದೇ ಪುಣೆಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿದೆ. ಗಿರೀಶ ಕಾಸರವಳ್ಳಿಯವರು ಅಲ್ಲಿ ವಿದ್ಯಾರ್ಥಿಯಾಗಿದ್ದಾಗ ಮಾಡಿದ ಡಿಪ್ಲೊಮಾ ಚಿತ್ರ ‘ಅವಶೇಷ್’ ರಾಷ್ಟ್ರಪ್ರಶಸ್ತಿ ಪಡೆಯಿತು. ಅಲ್ಲಿನ ಟೆಲಿವಿಷನ್ ವಿಭಾಗದ ಒಂದು ವರ್ಷದ ಕೋರ್ಸಿನಲ್ಲಿದ್ದ ಮೈಸೂರಿನ ಚಿದಾನಂದ ಎಸ್. ನಾಯ್ಕ್ ನಾಲ್ಕೇ ದಿನಗಳಲ್ಲಿ ಚಿತ್ರೀಕರಿಸಿದ, 16 ನಿಮಿಷದ ಕನ್ನಡ ಚಿತ್ರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದಿತು. ಜಗತ್ತಿನ 555 ಚಲನಚಿತ್ರ ಶಾಲೆಗಳ 2,263 ಚಿತ್ರಗಳಲ್ಲಿ ಆಯ್ಕೆಯಾದವು 18. ಅವುಗಳಲ್ಲಿ ಮೊದಲನೆಯದು ಕೋಳಿ ಕದ್ದ ಮುದುಕಿಯ ಕನ್ನಡ ಜಾನಪದ ಕಥೆ. ನಮ್ಮ ಮಕ್ಕಳ ಚಿತ್ರ ಕಾನ್‌ಗೆ ಹೋಗಬೇಕಾಗಿಲ್ಲ. ಆದರೆ ಭಾಷೆಯನ್ನು ಅಡ್ಡಿಯೆಂದು ನೆಪ ಹೇಳುವ ಕಾಲ ಮುಗಿದಿದೆ.

ಹೊರನಾಡಿನ ಬಳಗಗಳು ನವೆಂಬರಿನಲ್ಲಿ ವೇದಿಕೆ, ಹೂಮಾಲೆ, ಶಾಲು, ಊಟಗಳಿಗೆ ಮಾಡುವ ವೆಚ್ಚದಲ್ಲಿ ಒಂದು ಸಣ್ಣ ಪಾಲನ್ನು ಇದಕ್ಕೆ ತೆಗೆದಿರಿಸಲಿ ಎಂಬುದು ನಮ್ಮ ಸಲಹೆ. ಒಂದು ಒಳ್ಳೆಯ ಮೈಕನ್ನೂ ಒಂದು ಟ್ರೈಪಾಡನ್ನೂ ಬಳಗದ ಹೆಸರಿನಲ್ಲಿ ಕೊಂಡಿಟ್ಟರೆ ಸರದಿಯಂತೆ ಎಲ್ಲ ಮಕ್ಕಳಿಗೂ ಒದಗುತ್ತದೆ. ನಿಯಮಗಳು ಮೂರು ಸಾಕು: ಹವ್ಯಾಸಿ ಅರವತ್ತು ದಾಟಿದವರಾಗಿರಲಿ, ಮಾತು ಅವರ ಊರಿನ ಕನ್ನಡದಲ್ಲೇ ಇರಲಿ, ಸಾರ್ವಜನಿಕವಾಗಿ ತೋರಿಸುವ ಮೊದಲು ಅವರಿಗೇ ತೋರಿಸಿ ಒಪ್ಪಿಗೆ ಪಡೆಯಲಿ. ರಂಗೋಲಿ ಹಾಕುವವರು, ಕೌದಿ ಹೊಲಿಯುವವರು, ಹಳೆಯ ರೇಡಿಯೊ ಬಿಚ್ಚಿ ಕೂಡಿಸುವವರು, ಅಂಚೆಚೀಟಿ ಕೂಡಿಟ್ಟವರು ನಮ್ಮ ನಿಮ್ಮ ಮಹಡಿಗಳಲ್ಲೇ ಇದ್ದಾರೆ. ಅವರ ಕೈ ಆಡುತ್ತಿರುವವರೆಗೆ ಅವರ ಪದಗಳೂ ಜೀವಂತ. ಕೈ ನಿಂತ ಮೇಲೆ ನಿಘಂಟು ತೆರೆದರೆ ಅರ್ಥ ಸಿಕ್ಕೀತು, ಹದ ಸಿಗದು.