ಗೋಡೆಯ ಕ್ಯಾಲೆಂಡರು, ಹೊಟ್ಟೆಯ ಗ್ಯಾಸ್ಟ್ರಿಕ್ಕು

ಇಂಗ್ಲಿಷಿನಲ್ಲಿ ‘ಜಠರಕ್ಕೆ ಸಂಬಂಧಿಸಿದ’ ಎಂಬಷ್ಟೇ ಅರ್ಥವಿರುವ ವಿಶೇಷಣವೊಂದು ಕನ್ನಡದ ಮನೆಗಳಿಗೆ ಬಂದ ಮೇಲೆ ನಾಮಪದವಾಗಿ, ಒಂದು ಕಾಯಿಲೆಯ ಹೆಸರೇ ಆಗಿ ನೆಲೆನಿಂತಿದೆ. ‘ಗ್ಯಾಸ್ಟ್ರಿಕ್ ಆಗಿದೆ’ ಎಂಬ ಒಂದು ಮಾತಿನೊಳಗೆ ಹೊಟ್ಟೆಯುಬ್ಬರ, ಹುಳಿತೇಗು, ಎದೆಯುರಿ, ಪಕ್ಕೆ ಹಿಡಿದಂತಾಗುವುದು, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಮಲಬದ್ಧತೆ ಇವೆಲ್ಲ ಸೇರಿಹೋಗುತ್ತವೆ. ಹೆಸರು ಸಿಕ್ಕಿದ ಮೇಲೆ ಮದ್ದೂ ಸಿಕ್ಕಂತೆಯೇ ಆದ್ದರಿಂದ ಜೀರಿಗೆ ಕಷಾಯ, ಇಂಗು ಹಾಕಿದ ಮಜ್ಜಿಗೆ, ಓಮದ ಕಾಳು, ಅದಕ್ಕೂ ಬಗ್ಗದಿದ್ದರೆ ಮೆಡಿಕಲ್ ಶಾಪಿನ ಆಸಿಡಿಟಿ ಮಾತ್ರೆ ಎಂಬಲ್ಲಿಗೆ ಪ್ರಕರಣ ಮುಗಿಯುತ್ತದೆ. ನಲವತ್ತು ದಾಟಿದ ಹೆಂಗಸರ ವಿಷಯದಲ್ಲಿ ಇದರ ಪಕ್ಕದಲ್ಲೇ ಇನ್ನೊಂದು ಸಿದ್ಧ ಉತ್ತರ ಕಾದಿರುತ್ತದೆ: ಮುಟ್ಟು ಹದಿನೆಂಟು ದಿನಕ್ಕೇ ಬಂದರೂ, ಎರಡು ತಿಂಗಳು ಬಾರದೆ ಹೋಗಿ ಆಮೇಲೆ ಹತ್ತು ದಿನ ನಿಲ್ಲದಿದ್ದರೂ, ‘ನಿಲ್ಲುವ ವಯಸ್ಸಲ್ಲವೇ, ಹಾಗೇ ಆಗುತ್ತದೆ’ ಎಂಬುದು. ಎರಡೂ ಉತ್ತರಗಳು ಪೂರ್ತಿ ಸುಳ್ಳಲ್ಲದಿರುವುದೇ ಅವುಗಳ ತೊಂದರೆ. ಇದಕ್ಕಿಂತ ದೊಡ್ಡ ತೊಂದರೆಯೆಂದರೆ, ಹೊಟ್ಟೆಯ ದೂರು ಮೆಡಿಕಲ್ ಶಾಪಿನ ಕೌಂಟರಿಗೂ ಮುಟ್ಟಿನ ದೂರು ಅಕ್ಕನ ಕಿವಿಗೂ ಹೋಗಿ, ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳುವ ಒಬ್ಬರು ಎಲ್ಲಿಯೂ ಇಲ್ಲದಂತಾಗುವುದು.

ಋತುಬಂಧ ಎಂಬುದು ಒಂದು ದಿನದ ಘಟನೆಯಲ್ಲ, ಹಿಂದಿರುಗಿ ನೋಡಿದಾಗ ಮಾತ್ರ ಗುರುತಿಸಬಹುದಾದ ಗಡಿ. ಕೊನೆಯ ಮುಟ್ಟಾಗಿ ಸತತವಾಗಿ 12 ತಿಂಗಳು ಮತ್ತೆ ಆಗದಿದ್ದರೆ ಆಗ, ಆ ಕೊನೆಯದೇ ನಿಜವಾಗಿ ಕೊನೆಯದಾಗಿತ್ತು ಎಂದು ವೈದ್ಯಶಾಸ್ತ್ರ ಒಪ್ಪುತ್ತದೆ. ಸುಶ್ರುತಸಂಹಿತೆ ಆರ್ತವದ ಕಾಲವನ್ನು 12ನೆಯ ವಯಸ್ಸಿನಿಂದ 50ರವರೆಗೆ ಎಂದು ಲೆಕ್ಕ ಹಾಕಿತ್ತು. ಫ್ರೆಂಚ್ ವೈದ್ಯ ಗಾರ್ಡಾನ್ 1821ರಲ್ಲಿ ‘ಮೆನೋಪಾಸ್’ ಎಂಬ ಪದವನ್ನು ಬಳಕೆಗೆ ತಂದ. ಪಾಶ್ಚಾತ್ಯ ದೇಶಗಳಲ್ಲಿ ಸರಾಸರಿ 51ರ ಹೊತ್ತಿಗೆ ಬರುವ ಈ ಗಡಿ ಭಾರತದ ಅಧ್ಯಯನಗಳಲ್ಲಿ 46-47ರ ಆಸುಪಾಸಿನಲ್ಲೇ ಕಾಣಿಸುತ್ತದೆ. ಹೀಗಾಗಿ ಗಡಿಗೆ ಮುಂಚಿನ ಏರುಪೇರಿನ ವರ್ಷಗಳು, ಅಂದರೆ ‘ಪೆರಿಮೆನೋಪಾಸ್’ ಎಂದು ಕರೆಯಲಾಗುವ ಸಂಕ್ರಮಣದ ಕಾಲ, ಇಲ್ಲಿನ ಅನೇಕ ಹೆಂಗಸರಿಗೆ ನಲವತ್ತರ ಆರಂಭದಲ್ಲೇ, ಮಕ್ಕಳ ಎಸ್ಸೆಸ್ಸೆಲ್ಸಿ ಮತ್ತು ಅತ್ತೆ-ಮಾವಂದಿರ ಆಸ್ಪತ್ರೆಯ ಓಡಾಟದ ನಡುವೆಯೇ ಶುರುವಾಗುತ್ತದೆ. ಈ ಸಂಕ್ರಮಣವನ್ನು ಅಳೆಯಲು ತಜ್ಞರು 2001ರಲ್ಲಿ ರೂಪಿಸಿ 2011ರಲ್ಲಿ ಪರಿಷ್ಕರಿಸಿದ ‘ಸ್ಟ್ರಾ’ ಎಂಬ ಹಂತವಿಂಗಡಣೆಯ ಮುಖ್ಯ ಸಾಧನ ರಕ್ತಪರೀಕ್ಷೆಯಲ್ಲ, ದಿನಗಳ ಎಣಿಕೆ. ಒಂದರ ಹಿಂದೊಂದು ಬರುವ ಚಕ್ರಗಳ ಅಂತರದಲ್ಲಿ 7 ದಿನ ಅಥವಾ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಮತ್ತೆ ಮತ್ತೆ ಕಂಡರೆ ಸಂಕ್ರಮಣದ ಮೊದಲ ಹಂತ. 60 ದಿನ ಅಥವಾ ಹೆಚ್ಚು ಕಾಲ ಮುಟ್ಟೇ ಬಾರದಿದ್ದರೆ ಎರಡನೆಯ ಹಂತ. ನಲವತ್ತೈದು ದಾಟಿದವರಲ್ಲಿ ಈ ಎಣಿಕೆಗೆ ಬದಲಾಗಿ ಎಫ್‌ಎಸ್‌ಎಚ್ ಎಂಬ ಹಾರ್ಮೋನಿನ ಪರೀಕ್ಷೆಗೆ ಹಣ ಸುರಿಯುವುದರಿಂದ ಸಾಮಾನ್ಯವಾಗಿ ಹೊಸದೇನೂ ತಿಳಿಯುವುದಿಲ್ಲ, ಏಕೆಂದರೆ ಈ ವರ್ಷಗಳಲ್ಲಿ ಅದು ಒಂದು ತಿಂಗಳಿದ್ದಂತೆ ಇನ್ನೊಂದು ತಿಂಗಳಿರುವುದಿಲ್ಲ.

ಒಳಗೆ ನಡೆಯುವುದೇನೆಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹುಟ್ಟುವಾಗ ಹತ್ತು ಲಕ್ಷಕ್ಕೂ ಮಿಕ್ಕಿ ಇದ್ದ ಅಂಡಕೋಶಿಕೆಗಳು, ಅಂದರೆ ಅಂಡಾಣುವನ್ನು ಹೊತ್ತ ಪುಟ್ಟ ಚೀಲಗಳು, ಋತುಬಂಧದ ಹೊತ್ತಿಗೆ ಸಾವಿರದ ಆಸುಪಾಸಿಗೆ ಇಳಿದಿರುತ್ತವೆ. ಉಳಿದವು ಎಲ್ಲ ತಿಂಗಳೂ ಅಂಡಾಣುವನ್ನು ಬಿಡುಗಡೆ ಮಾಡುವುದಿಲ್ಲ. ಅಂಡ ಬಿಡುಗಡೆಯಾಗದ ತಿಂಗಳಲ್ಲಿ ಪ್ರೊಜೆಸ್ಟಿರಾನ್ ಎಂಬ ಹಾರ್ಮೋನು ತಯಾರಾಗುವುದಿಲ್ಲ. ಆದರೆ ಗರ್ಭಕೋಶದ ಒಳಪದರವನ್ನು ಬೆಳೆಸುವ ಈಸ್ಟ್ರೋಜನ್ ಮಾತ್ರ ಎಂದಿನಂತೆ, ಕೆಲವೊಮ್ಮೆ ಎಂದಿಗಿಂತ ಹೆಚ್ಚಾಗಿಯೇ ಇರುತ್ತದೆ. ತಡೆಯುವವರಿಲ್ಲದೆ ದಪ್ಪವಾಗುತ್ತ ಹೋದ ಒಳಪದರ ತಡವಾಗಿ, ಒಮ್ಮೆಲೇ, ಗಡ್ಡೆಗಡ್ಡೆಯಾಗಿ ಕಳಚಿಕೊಂಡಾಗ ‘ಎರಡು ತಿಂಗಳಿನದು ಒಟ್ಟಿಗೇ ಹೋಯಿತು’ ಎಂದು ಹೆಂಗಸರು ಹೇಳುವ ಸ್ರಾವ ಆಗುತ್ತದೆ. ಈ ವರ್ಷಗಳಲ್ಲಿ ಈಸ್ಟ್ರೋಜನ್ ಮೆಟ್ಟಿಲಿಳಿದಂತೆ ಒಂದೊಂದಾಗಿ ಇಳಿಯುತ್ತದೆಂಬ ತಿಳಿವಳಿಕೆ ಸರಿಯಲ್ಲ, ಅದು ಉಯ್ಯಾಲೆಯಂತೆ ಏರಿಳಿಯುತ್ತದೆ. ಕೊನೆಗೆ ಇಳಿದು ನಿಂತ ಮೇಲಿನ ವರ್ಷಗಳಿಗಿಂತ ಈ ಏರಿಳಿತದ ವರ್ಷಗಳೇ ಹಲವರಿಗೆ ಹೆಚ್ಚು ಕಷ್ಟವೆನಿಸುವುದಕ್ಕೆ ಇದೇ ಮುಖ್ಯ ಕಾರಣ.

ಜೀರ್ಣಾಂಗಗಳು ಈ ಉಯ್ಯಾಲೆಯಿಂದ ದೂರವಿಲ್ಲ. ಈಸ್ಟ್ರೋಜನ್ ಹಾಗೂ ಪ್ರೊಜೆಸ್ಟಿರಾನುಗಳನ್ನು ಗುರುತಿಸುವ ಗ್ರಾಹಕಗಳು ಕರುಳಿನ ಗೋಡೆಯಲ್ಲೂ ಇವೆ. ಪ್ರೊಜೆಸ್ಟಿರಾನ್ ಕರುಳಿನ ಸ್ನಾಯುಗಳನ್ನು ಸಡಿಲಗೊಳಿಸಿ ಚಲನೆಯನ್ನು ನಿಧಾನಿಸುವುದರಿಂದ ಮುಟ್ಟಿಗೆ ಮುಂಚಿನ ವಾರದಲ್ಲಿ ಹೊಟ್ಟೆ ಬಿಗಿದುಕೊಳ್ಳುತ್ತದೆ. ಮುಟ್ಟು ಶುರುವಾದೊಡನೆ ಗರ್ಭಕೋಶವನ್ನು ಹಿಂಡುವ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಪಕ್ಕದಲ್ಲೇ ಇರುವ ಕರುಳನ್ನೂ ಹಿಂಡುವುದರಿಂದ ಮೊದಲ ದಿನ ಭೇದಿಯಾದಂತಾಗುತ್ತದೆ. ಹದಿನಾರನೆಯ ವಯಸ್ಸಿನಿಂದಲೂ ಇದು ಹೀಗೇ ಇದ್ದುದೇ, ಆದರೆ ಆಗ ತಿಂಗಳಿಗೊಂದು ಲಯವಿತ್ತು, ಯಾವ ದಿನ ಹೊಟ್ಟೆ ಕೆಡುತ್ತದೆಂದು ಮೊದಲೇ ಗೊತ್ತಿತ್ತು. ಚಕ್ರ ಏರುಪೇರಾದಾಗ ಆ ಲಯ ತಪ್ಪುತ್ತದೆ, ಮುಟ್ಟಿನ ಹೊಟ್ಟೆಯುಬ್ಬರ ಮುಟ್ಟಿಲ್ಲದೆಯೇ ಬರುತ್ತದೆ, ಬಂದದ್ದು ಹೋಗುವುದಿಲ್ಲ. ಹಳೆಯ ಪರಿಚಯದ ನೋವು ಗುರುತು ಸಿಗದ ವೇಷದಲ್ಲಿ ಬಂದಂತಾಗುತ್ತದೆ. ರಾತ್ರಿಯ ಬೆವರಿಗೆ ನಿದ್ದೆ ಕೆಡುವುದು, ಕೆಟ್ಟ ನಿದ್ದೆಯಿಂದ ಕರುಳು ಇನ್ನಷ್ಟು ಸೂಕ್ಷ್ಮವಾಗುವುದು ಇದಕ್ಕೆ ಸೇರಿಕೊಳ್ಳುತ್ತವೆ. ಬೆಳಗಿನ ಆರಕ್ಕೆ ಖಾಲಿ ಹೊಟ್ಟೆಗೆ ಒಂದು ಲೋಟ ಗಟ್ಟಿ ಚಹಾ, ಎಲ್ಲರಿಗೂ ದೋಸೆ ಹುಯ್ದು ಮುಗಿದ ಮೇಲೆ ಹತ್ತಕ್ಕೆ ತಿಂಡಿ, ಸೋಮವಾರವೋ ಶನಿವಾರವೋ ಒಪ್ಪತ್ತು ಎಂಬ ದಿನಚರಿಯಿರುವಾಗ ಹಾರ್ಮೋನೊಂದನ್ನೇ ದೂರುವುದೂ ನ್ಯಾಯವಲ್ಲ.

ಇಷ್ಟರಿಂದ ‘ಎಲ್ಲವೂ ಹಾರ್ಮೋನಿನದೇ’ ಎಂದು ತೀರ್ಮಾನಿಸಿದರೆ ಹಳೆಯ ಎರಡು ಸಿದ್ಧ ಉತ್ತರಗಳ ಜಾಗದಲ್ಲಿ ಮೂರನೆಯದೊಂದು ಬಂದು ಕೂತಂತೆ. ಮುಟ್ಟು ಮತ್ತು ಹೊಟ್ಟೆ ಎರಡನ್ನೂ ಒಟ್ಟಿಗೆ ಕೆಡಿಸುವ ಬೇರೆ ಕಾರಣಗಳು ಈ ವಯಸ್ಸಿನಲ್ಲೇ ಹೆಚ್ಚು. ಥೈರಾಯ್ಡ್ ಗ್ರಂಥಿ ಮಂದವಾದರೆ ಸ್ರಾವ ಹೆಚ್ಚುತ್ತದೆ, ಮಲಬದ್ಧತೆಯಾಗುತ್ತದೆ, ಮೈ ಭಾರವಾಗುತ್ತದೆ. ಈ ಮೂರನ್ನೂ ‘ನಿಲ್ಲುವ ವಯಸ್ಸು’ ಎಂಬ ಖಾತೆಗೆ ಬರೆದುಬಿಡುವುದು ಸುಲಭ, ಆದರೆ ಟಿಎಸ್‌ಎಚ್ ಎಂಬ ಸಾಮಾನ್ಯ ರಕ್ತಪರೀಕ್ಷೆಯಿಂದ ಅದು ಗೊತ್ತಾಗುತ್ತದೆ, ದಿನಕ್ಕೊಂದು ಮಾತ್ರೆಯಿಂದ ಹತೋಟಿಗೆ ಬರುತ್ತದೆ. ಗರ್ಭಕೋಶದಲ್ಲಿ ಬೆಳೆಯುವ ಫೈಬ್ರಾಯ್ಡ್ ಎಂಬ ನಿರುಪದ್ರವಿ ಗಡ್ಡೆಯೂ ದೊಡ್ಡದಾದರೆ ಮುಂದೆ ಮೂತ್ರಕೋಶವನ್ನೂ ಹಿಂದೆ ಮಲಾಶಯವನ್ನೂ ಒತ್ತುತ್ತದೆ. ಇನ್ನು ಮದ್ದೇ ಕಾರಣವಾಗುವ ಪ್ರಸಂಗಗಳು ಬೇರೆ: ಮುಟ್ಟಿನ ನೋವಿಗೆಂದು ಮೆಫೆನಮಿಕ್ ಆಸಿಡ್ ಇರುವ ಮಾತ್ರೆಯನ್ನು ಚೀಟಿಯಿಲ್ಲದೆ ಕೊಂಡು ಖಾಲಿ ಹೊಟ್ಟೆಗೆ ನುಂಗುವುದು ವಾಡಿಕೆಯಾಗಿದ್ದು, ಆ ವರ್ಗದ ನೋವುನಿವಾರಕಗಳು ಜಠರದ ಒಳಪೊರೆಯನ್ನು ಕೆರಳಿಸುತ್ತವೆ. ಸ್ರಾವ ಹೆಚ್ಚಾಗಿ ರಕ್ತಹೀನತೆಯಾದಾಗ ಕೊಡುವ ಕಬ್ಬಿಣಾಂಶದ ಮಾತ್ರೆಯಿಂದ ಹೊಟ್ಟೆ ತೊಳಸುತ್ತದೆ, ಮಲ ಗಟ್ಟಿಯಾಗಿ ಕಪ್ಪಾಗುತ್ತದೆ. ಅದನ್ನು ಯಾರೂ ಮೊದಲೇ ಹೇಳಿರುವುದಿಲ್ಲವಾದ್ದರಿಂದ ನಾಲ್ಕನೆಯ ದಿನಕ್ಕೆ ಮಾತ್ರೆಯ ಪಟ್ಟಿ ಡಬ್ಬಿ ಸೇರುತ್ತದೆ, ರಕ್ತಹೀನತೆ ಅಲ್ಲೇ ಉಳಿಯುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57 ಮಂದಿ ರಕ್ತಹೀನರಿರುವಾಗ, ಡಬ್ಬಿ ಸೇರಿದ ಈ ಮಾತ್ರೆಗಳ ವಿಷಯ ಸಣ್ಣದೆನ್ನಲಾಗದು. ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ, ಚಹಾದಿಂದ ದೂರ ಇಡಬೇಕೇ ಎಂದು ವೈದ್ಯರನ್ನು ಕೇಳಿದರೆ ಅನೇಕ ವೇಳೆ ದಾರಿ ಸಿಗುತ್ತದೆ.

ಗಂಭೀರವಾದ ಒಂದು ಸಾಧ್ಯತೆಯನ್ನು ಹೆದರಿಸದೆ, ಮುಚ್ಚಿಡದೆ ಹೇಳಬೇಕಾಗಿದೆ. ಅಂಡಾಶಯದ ಕ್ಯಾನ್ಸರ್ ಬಹುತೇಕ ತಡವಾಗಿ ಪತ್ತೆಯಾಗುವುದಕ್ಕೆ ಒಂದು ಕಾರಣವೆಂದರೆ ಅದರ ಮೊದಲ ಲಕ್ಷಣಗಳು ಗರ್ಭಕೋಶದವೆನಿಸದೆ ಹೊಟ್ಟೆಯವೆನಿಸುವುದು: ಉಬ್ಬರ, ಬೇಗ ಹೊಟ್ಟೆ ತುಂಬುವುದು, ಕೆಳಹೊಟ್ಟೆಯ ನೋವು, ಪದೇಪದೇ ಮೂತ್ರಕ್ಕೆ ಅವಸರವಾಗುವುದು. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆಯಾದ ‘ನೈಸ್’ 2011ರಲ್ಲಿ ಈ ಬಗ್ಗೆ ನೀಡಿದ ಸೂಚನೆ ಕನ್ನಡದ ಓದುಗರಿಗೂ ಗೊತ್ತಿರಬೇಕಾದದ್ದು. ಇಂಥ ಲಕ್ಷಣಗಳು ಬಿಡದೆ, ವಿಶೇಷವಾಗಿ ತಿಂಗಳಿಗೆ 12 ಬಾರಿಗಿಂತ ಹೆಚ್ಚಾಗಿ ಕಾಣಿಸಿಕೊಂಡರೆ, ಅದರಲ್ಲೂ ಐವತ್ತು ದಾಟಿದವರಲ್ಲಿ, ಪರೀಕ್ಷೆ ನಡೆಸಬೇಕು; ಐವತ್ತರ ನಂತರ ಹೊಸದಾಗಿ ಕಾಣಿಸಿಕೊಂಡ ‘ಇರಿಟಬಲ್ ಬವೆಲ್’, ಅಂದರೆ ಯಾವ ಗಾಯವೂ ಕಾಣದೆ ಕರುಳು ಕೆರಳುವ ತೊಂದರೆಯನ್ನು ಸುಮ್ಮನೆ ಒಪ್ಪಿಕೊಳ್ಳಬಾರದು, ಏಕೆಂದರೆ ಆ ತೊಂದರೆ ಆ ವಯಸ್ಸಿನಲ್ಲಿ ಮೊದಲ ಸಲ ಶುರುವಾಗುವುದು ಅಪರೂಪ ಎಂಬುದು ಅದರ ಸಾರ. ಬಹುಪಾಲು ಹೊಟ್ಟೆಯುಬ್ಬರಗಳು ಕ್ಯಾನ್ಸರ್ ಅಲ್ಲ, ಆದರೆ ಬಂದುಹೋಗುವ ಉಬ್ಬರಕ್ಕೂ ಬಂದು ಕೂತ ಉಬ್ಬರಕ್ಕೂ ಇರುವ ವ್ಯತ್ಯಾಸವನ್ನು ‘ಗ್ಯಾಸ್ಟ್ರಿಕ್’ ಎಂಬ ಪದ ಅಳಿಸಿಹಾಕುತ್ತದೆ. ಹೃದಯಾಘಾತದ ಸಂಗತಿಯೂ ಹೀಗೆಯೇ: ಮೇಲ್ಹೊಟ್ಟೆಯ ಉರಿಯ ಜೊತೆ ಬೆವರು, ಏದುಸಿರು, ದವಡೆಗೋ ತೋಳಿಗೋ ಹರಡುವ ಹಿಡಿತ ಇದ್ದಾಗ ಬೇಕಾದದ್ದು ಸೋಡಾ ಅಲ್ಲ, ಇಸಿಜಿ. ಸ್ರಾವದ ಕಡೆಯಿಂದ ಹೇಳುವುದಾದರೆ, 45 ದಾಟಿದವರಲ್ಲಿ ಅಸಹಜ ಸ್ರಾವವಿದ್ದರೆ ಗರ್ಭಕೋಶದ ಒಳಪದರದ ಚೂರನ್ನು ತೆಗೆದು ಪರೀಕ್ಷಿಸುವುದು ಅಂಗೀಕೃತ ಕ್ರಮ. ಪೂರ್ತಿ ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ ತೋರಿಸಿಕೊಳ್ಳಲೇಬೇಕು.

ಹೀಗೆ ಲಕ್ಷಣಗಳನ್ನು ಕಡೆಗಣಿಸುವುದಕ್ಕೆ ತದ್ವಿರುದ್ಧವಾದ ತಪ್ಪು ಕರ್ನಾಟಕದಲ್ಲೇ, ಕಣ್ಣೆದುರಿಗೇ ನಡೆದಿದೆ. ಸುಮಾರು ಒಂದು ದಶಕದ ಹಿಂದೆ ಕಲಬುರಗಿ ಜಿಲ್ಲೆಯ ತಾಂಡಾಗಳಿಂದ ಬೆಳಕಿಗೆ ಬಂದ ದೂರುಗಳಲ್ಲಿ, ಹೊಟ್ಟೆನೋವು, ಬೆನ್ನುನೋವು, ಬಿಳಿಸೆರಗು ಎಂದು ಹೋದ ಲಂಬಾಣಿ ಹೆಂಗಸರಿಗೆ ‘ಗರ್ಭಚೀಲ ಕೆಟ್ಟಿದೆ’ ಎಂದು ಹೆದರಿಸಿ, ಇನ್ನೂ ನಲವತ್ತೂ ಆಗದವರ ಗರ್ಭಚೀಲವನ್ನು ತೆಗೆದುಹಾಕಿದ ಪ್ರಸಂಗಗಳಿದ್ದವು. ಒಂದು ಕಡೆ ಹೊಟ್ಟೆನೋವಿಗೆ ಜೀರಿಗೆ ಕಷಾಯ, ಇನ್ನೊಂದು ಕಡೆ ಅದೇ ಹೊಟ್ಟೆನೋವಿಗೆ ಶಸ್ತ್ರಚಿಕಿತ್ಸೆಯ ಮೇಜು. ನಡುವೆ ಇರಬೇಕಾಗಿದ್ದ ವಿಚಾರಣೆ ಎರಡು ಕಡೆಯೂ ನಡೆಯಲಿಲ್ಲ. 2015-16ರ ನಾಲ್ಕನೆಯ ಕುಟುಂಬ ಆರೋಗ್ಯ ಸಮೀಕ್ಷೆ ಮೊದಲ ಬಾರಿಗೆ ಈ ಶಸ್ತ್ರಚಿಕಿತ್ಸೆಯ ಬಗ್ಗೆ ಪ್ರಶ್ನೆ ಕೇಳಿದಾಗ 15-49ರ ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 3.2 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದುದು ತಿಳಿಯಿತು. ಕೊನೆಗೆ 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳ ಮೇಲೆ ನಿಗಾ ಇಡಲು ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ್ದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಎಲ್ಲ ರಾಜ್ಯಗಳಿಗೆ ಸೂಚಿಸಬೇಕಾಯಿತು. ಅಂಡಾಶಯಗಳನ್ನೂ ಜೊತೆಗೆ ತೆಗೆದರೆ ಕೆಲವು ವರ್ಷಗಳ ಸಂಕ್ರಮಣ ಒಂದೇ ರಾತ್ರಿಯಲ್ಲಿ ಮುಗಿದುಹೋಗುತ್ತದೆ, ಮೂಳೆ ಮತ್ತು ಹೃದಯ ಅದರ ಬೆಲೆ ತೆರುತ್ತವೆ. ಅಗತ್ಯವಿದ್ದಾಗ ಈ ಶಸ್ತ್ರಚಿಕಿತ್ಸೆ ಜೀವ ಉಳಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದಕ್ಕೂ ಮುಂಚೆ ಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್, ಪ್ರೊಜೆಸ್ಟಿರಾನ್ ಮಾತ್ರೆ, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಸಾಧನ, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಆರ್ಮೆಲಾಕ್ಸಿಫೀನ್ ಮುಂತಾದ ದಾರಿಗಳಿವೆ ಎಂಬುದು ಮೇಜು ಏರುವವಳಿಗೆ ಗೊತ್ತಿರಬೇಕು.

ಎಣಿಕೆಯ ಮಾತಿಗೆ ಮರಳುವುದಾದರೆ, ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿದ ಋತುಚಕ್ರ ರಜೆಯ ನೀತಿ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ಸಂಬಳಸಹಿತ ರಜೆಯನ್ನು ಕೊಡುತ್ತದೆ. ಸ್ವಾಗತಾರ್ಹವಾದ ಈ ಲೆಕ್ಕ ತಿಂಗಳಿಗೊಮ್ಮೆ ತಪ್ಪದೆ ಮುಟ್ಟಾಗುವ ಶರೀರವನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಎಪ್ಪತ್ತು ದಿನ ಸುಮ್ಮನಿದ್ದು ಎಂಟು ದಿನ ಬಿಡದೆ ಹೋಗುವ ನಲವತ್ತಾರರ ನೌಕರಳ ಅಗತ್ಯಕ್ಕೆ ಅದು ಹೊಂದುವುದಿಲ್ಲ. ಅದೇ ನೌಕರಳು ವರಮಹಾಲಕ್ಷ್ಮಿ ವ್ರತಕ್ಕೋ ಮಗಳ ಮದುವೆಗೋ ಮುಟ್ಟು ಮುಂದೂಡುವ ನಾರೆಥಿಸ್ಟಿರಾನ್ ಮಾತ್ರೆ ನುಂಗಿದರೆ, ಅದು ಪ್ರೊಜೆಸ್ಟಿರಾನಿನದೇ ಜಾತಿಯದಾದ್ದರಿಂದ, ಹೊಟ್ಟೆಯುಬ್ಬರವೂ ಏರುಪೇರೂ ಇನ್ನಷ್ಟು ಗೋಜಲಾಗುತ್ತವೆ; ವೈದ್ಯರು ಮುಂದೆ ಕೇಳಿದಾಗ ಆ ಮಾತ್ರೆಯ ನೆನಪೇ ಇರುವುದಿಲ್ಲ.

ಹೀಗಾಗಿ ಅಡುಗೆಮನೆಯ ಗೋಡೆಯಲ್ಲಿ, ಹಾಲಿನ ಲೆಕ್ಕ ಮತ್ತು ಸಿಲಿಂಡರ್ ಬಂದ ತಾರೀಖಿನ ನಡುವೆ ಸಣ್ಣ ಚುಕ್ಕೆಯಾಗಿ ಗುರುತಾಗುತ್ತಿದ್ದ ಮುಟ್ಟಿನ ದಿನಕ್ಕೆ ಈ ವಯಸ್ಸಿನಲ್ಲಿ ಇನ್ನೂ ಕೆಲವು ಗುರುತುಗಳು ಸೇರಬೇಕಾಗುತ್ತವೆ: ಹೊಟ್ಟೆ ಉಬ್ಬಿದ ದಿನ, ಭೇದಿಯಾದ ದಿನ, ಪ್ಯಾಡ್ ಗಂಟೆಗೊಮ್ಮೆ ಬದಲಿಸಬೇಕಾದ ದಿನ, ಯಾವುದೇ ಮಾತ್ರೆ ನುಂಗಿದ ದಿನ. ಮೂರು ತಿಂಗಳ ಇಂಥ ಹಾಳೆಯನ್ನು ಮುಂದಿಟ್ಟರೆ ಎರಡು ದೂರುಗಳು ಕೊನೆಗೂ ಒಂದೇ ಕಡೆ ಸೇರುತ್ತವೆ, ಉಬ್ಬರ ಮುಟ್ಟಿನ ಹಿಂದೆಮುಂದೆ ಸುಳಿಯುತ್ತಿದೆಯೋ ಅಥವಾ ಅದರ ಪಾಡಿಗೆ ಅದು ದಿನವೂ ಇದೆಯೋ ಎಂಬುದು ವೈದ್ಯರಿಗೆ ಐದು ನಿಮಿಷದಲ್ಲಿ ಕಾಣುತ್ತದೆ. ಡಿಸೆಂಬರ್ ಕೊನೆಗೆ ಹೊಸ ಕ್ಯಾಲೆಂಡರು ಮೊಳೆಗೆ ಏರಿದಾಗ ಹಳೆಯದು ಮಕ್ಕಳ ಪುಸ್ತಕಕ್ಕೆ ಬೈಂಡು ಹಾಕಲೋ ಕಪಾಟಿಗೆ ಹಾಸಲೋ ಹೋಗುವುದು ರೂಢಿ. 12 ತಿಂಗಳ ಎಣಿಕೆ ನಡೆಯುತ್ತಿರುವ ಮನೆಯಲ್ಲಿ ಆ ಹಾಳೆಗಳು ಇನ್ನೊಂದು ವರ್ಷ ಅದೇ ಮೊಳೆಯಲ್ಲಿ, ಹೊಸದರ ಹಿಂದೆ ತೂಗುತ್ತಿರಬೇಕು.