‘ಸೆಲೆಕ್ಟ್ ಆಲ್’ ಒತ್ತೋ ಮುಂಚೆ

ನಮ್ಮ ಚಿಕ್ಕಪ್ಪಂದು ತಿಪಟೂರಲ್ಲಿ ಮೋಟರ್ ರೀವೈಂಡಿಂಗ್ ಅಂಗಡಿ. ಬೋರ್‌ವೆಲ್ ಒಳಗೆ ಸುಟ್ಟುಹೋದ ಮೋಟರನ್ನ ಮೇಲೆತ್ತಿಸಿ, ಹಳೇ ಕಾಯಿಲ್ ಬಿಚ್ಚಿ, ಹೊಸ ತಾಮ್ರದ ವೈರ್ ಸುತ್ತಿ ಕೊಡೋ ಕೆಲಸ. ಬೇಸಿಗೆ ಬಂತು ಅಂದ್ರೆ ತೆಂಗಿನ ತೋಟದವರ ಫೋನ್ ಒಂದೇ ಸಮ. ಎಲ್ಲಾ ಕರೆನೂ ಚಿಕ್ಕಪ್ಪನ ಒಂದೇ ಮೊಬೈಲಿಗೆ. ಅವರು ಯಾವುದೋ ತೋಟದಲ್ಲಿ ಪೈಪ್ ಇಳಿಸ್ತಾ ಇದ್ರೆ ಅಂಗಡಿಯ ಇಬ್ಬರು ಹುಡುಗರಿಗೆ ಯಾರು ಫೋನ್ ಮಾಡಿದ್ರು ಅನ್ನೋದೇ ಗೊತ್ತಾಗಲ್ಲ. ಹೋದ ರಜೆಯಲ್ಲಿ ನಾನೇ ಮುಂದೆ ನಿಂತು ಆನ್‌ಲೈನ್ ಫೋನ್ ವ್ಯವಸ್ಥೆ ಹಾಕಿಸಿದೆ. ಅಂಗಡಿಗೆ ಒಂದು ನಂಬರ್, ಕರೆ ಬಂದ್ರೆ ಮೂವರ ಮೊಬೈಲಲ್ಲೂ ರಿಂಗ್ ಆಗುತ್ತೆ. ಯಾರು ಮಾಡ್ತಿದ್ದಾರೆ ಅಂತ ಹೆಸರು ಕಾಣಬೇಕಾದ್ರೆ ಮಾತ್ರ ಚಿಕ್ಕಪ್ಪನ ಕಾಂಟ್ಯಾಕ್ಟ್‌ಗಳನ್ನ ಅದರ ಅಡ್ರೆಸ್ ಬುಕ್ಕಿಗೆ ಇಂಪೋರ್ಟ್ ಮಾಡಬೇಕು. ಹತ್ತು ನಿಮಿಷದ ಕೆಲಸ ಅಂದ್ಕೊಂಡೆ.

ಮೂರು ದಿನ ಹಿಡೀತು. ಫೋನಿಂದ ಸಿಎಸ್‌ವಿ ಫೈಲ್ ತೆಗೆದು, ಡಬಲ್ ಕ್ಲಿಕ್ ಮಾಡಿ ಸ್ಪ್ರೆಡ್‌ಶೀಟಲ್ಲಿ ತೆರೆದ್ರೆ ಕನ್ನಡವೇ ಮಾಯ. ತಲೆ ಮೇಲೆ ಗೆರೆ ಹೊತ್ತ ಇಂಗ್ಲಿಷಿನ ‘ಎ’, ಅದರ ಪಕ್ಕ ಪುಟಾಣಿ 2, ಮತ್ತೆ ಅದೇ ‘ಎ’. ನಾನು ಇಂಗ್ಲಿಷ್ ಮೀಡಿಯಂ, ನನ್ನ ಫೋನಲ್ಲಿ ಅಮ್ಮನ ಹೆಸರೂ ಇಂಗ್ಲಿಷಲ್ಲೇ ಇದೆ. ಹಾಗಾಗಿ ಈ ತೊಂದರೆ ಇದೆ ಅಂತಾನೇ ಗೊತ್ತಿರಲಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರ, ಗುಣಿತದ ಚಿಹ್ನೆ, ಒತ್ತು ಬರಿಸೋ ವಿರಾಮ, ಎಲ್ಲಕ್ಕೂ ಮೂರು ಮೂರು ಬೈಟ್. ‘ಚಿಕ್ಕಪ್ಪ’ ಅನ್ನೋ ಪದಕ್ಕೇ 24 ಬೈಟ್. ಮೂರರಲ್ಲಿ ಮೊದಲನೇ ಬೈಟು ಕನ್ನಡದ ಎಲ್ಲಾ ಅಕ್ಷರಕ್ಕೂ ಒಂದೇ. ಅದನ್ನ ಹಳೇ ಎನ್‌ಕೋಡಿಂಗ್ ಅಂದ್ಕೊಂಡು ಒಂದೊಂದು ಬೈಟನ್ನೂ ಒಂದೊಂದು ಅಕ್ಷರವಾಗಿ ಓದಿದ್ದಕ್ಕೆ ಆ ‘ಎ’ಗಳ ಸಾಲು. ನಂಬರ್‌ಗಳ ಕಥೆನೂ ಅಷ್ಟೇ. 91 ಸೇರಿ 12 ಅಂಕಿ ಆಗಿದ್ದವು 9.19 ಅಂತ ಶುರುವಾಗಿ ಹತ್ತರ ಘಾತದಲ್ಲಿ ಮುಗಿದಿದ್ವು. ಬೆಂಗಳೂರಿನ ಲ್ಯಾಂಡ್‌ಲೈನಿನ 080 ಬರೀ 80 ಆಗಿತ್ತು. ಅದನ್ನೇ ಸೇವ್ ಮಾಡಿ ಮೂಲ ಫೈಲನ್ನೂ ಕೆಡಿಸಿದೆ.

ಇದಕ್ಕೆ ಪರಿಹಾರ ಇದೆ. ಫೈಲನ್ನ ಡಬಲ್ ಕ್ಲಿಕ್ ಮಾಡಬೇಡಿ. ಸ್ಪ್ರೆಡ್‌ಶೀಟ್ ಒಳಗಿಂದ ಇಂಪೋರ್ಟ್ ಮಾಡಿ, ಯುಟಿಎಫ್-8 ಆರಿಸಿ, ನಂಬರಿನ ಕಾಲಮ್ಮನ್ನ ‘ಟೆಕ್ಸ್ಟ್’ ಮಾಡಿ. ನಂಬರ್‌ಗಳೆಲ್ಲಾ +91ರಿಂದ ಶುರುವಾಗೋ ಒಂದೇ ರೂಪದಲ್ಲಿರಲಿ, ಇಲ್ಲಾಂದ್ರೆ ಹೆಸರು ಬುಕ್ಕಲ್ಲಿದ್ರೂ ಕರೆ ಬಂದಾಗ ಕಾಣದೇ ಹೋಗಬಹುದು. ಮೊದಲು ಹತ್ತೇ ಹತ್ತು ಕಾಂಟ್ಯಾಕ್ಟ್ ಹಾಕಿ ನೋಡಿ. ಇಷ್ಟು ನಮ್ಮ ಕ್ಲಾಸಿನ ಯಾರಾದ್ರೂ ಹೇಳ್ತಾರೆ.

ಯಾರೂ ಹೇಳದೇ ಇದ್ದದ್ದು ಬೇರೆ ಇತ್ತು. ಚಿಕ್ಕಪ್ಪನ ಫೋನಲ್ಲಿ ಇರೋದು ಹೆಸರುಗಳೇ ಅಲ್ಲ. ‘ಮೇಷ್ಟ್ರು 5 ಎಚ್‌ಪಿ’. ‘ಗುಡಿ ಹಿಂದಿನ ತೋಟ’. ‘ಎರಡು ಸಲ ಸುಟ್ಟಿದ್ದು’. ‘ಡೇರಿ ಸೆಕ್ರೆಟರಿ ಭಾವಮೈದ’. ಇಂಪೋರ್ಟ್ ಪುಟದಲ್ಲಿ ಫಸ್ಟ್ ನೇಮ್ ಯಾವ ಕಾಲಮ್ಮು, ಲಾಸ್ಟ್ ನೇಮ್ ಯಾವ ಕಾಲಮ್ಮು ಅಂತ ಕೇಳುತ್ತೆ. ಗುಡಿ ಹಿಂದಿನ ತೋಟಕ್ಕೆ ಎಲ್ಲಿಂದ ಲಾಸ್ಟ್ ನೇಮ್ ತರೋದು? ಇಡೀ ಸಾಲನ್ನ ಫಸ್ಟ್ ನೇಮಿಗೇ ತುಂಬಿದೆ. ಸೆಲೆಕ್ಟ್ ಆಲ್. ಸಾವಿರಕ್ಕೂ ಹೆಚ್ಚು ಕಾಂಟ್ಯಾಕ್ಟ್ ಒಂದೇ ಏಟಿಗೆ ಹೋಯ್ತು. ನಿಜ ಹೇಳ್ಬೇಕಂದ್ರೆ ಬಹಳ ಖುಷಿಯಾಗಿತ್ತು.

ಮಾರನೇ ದಿನ ಅಂಗಡಿ ಹುಡುಗ ಒಂದು ಕರೆ ಎತ್ತಿದ. ಸ್ಕ್ರೀನಲ್ಲಿ ‘ಬಾಕಿ ಗೌಡ್ರು ಕೇಳಬಾರದು’ ಅಂತ ಇತ್ತು. ಅವನು ಬಂದು ತಿಂಗಳೂ ಆಗಿಲ್ಲ, ಅದು ಯಾರು ಏನು ಗೊತ್ತಿಲ್ಲ. “ಹೇಳಿ ಬಾಕಿ ಗೌಡ್ರೇ” ಅಂದ. ಆ ಕಡೆಯವರು ಒಂದು ಮಾತೂ ಆಡದೆ ಫೋನ್ ಇಟ್ಟರು.

ಚಿಕ್ಕಪ್ಪ ಹುಡುಗನಿಗೂ ಬೈಲಿಲ್ಲ, ನನಗೂ ಬೈಲಿಲ್ಲ. ಸಂಜೆ ಬೈಕ್ ತಗೊಂಡು ಗೌಡ್ರ ಮನೆಗೆ ಹೋಗಿ ಬಂದ್ರು. ರಾತ್ರಿ ಊಟಕ್ಕೆ ಕೂತಾಗ ಹೇಳಿದ್ರು: “ಅವರ ಮನೇಲಿ ಕಾಯಿಲೆ ಕಣೋ. ದುಡ್ಡು ಕೇಳಬಾರದು ಅಂತ ನಾನು ನೆನಪಿಗೆ ಬರ್ಕೊಂಡಿದ್ದು. ಬೇರೆಯವರು ಓದ್ಲಿ ಅಂತಲ್ಲ.”

ನನ್ನ ವಾದ ಇಷ್ಟೇ. ಇಂಪೋರ್ಟ್ ಅನ್ನೋದು ಬರೀ ಕಾಪಿ ಅಲ್ಲ. ಒಬ್ಬರು ತಮಗೋಸ್ಕರ ಬರ್ಕೊಂಡಿದ್ದನ್ನ ಇನ್ನೊಬ್ಬರ ಕೈಗೆ ಕೊಡೋದು. ಆ ಪುಟ ಫೈಲಿನ ಫಾರ್ಮ್ಯಾಟ್ ಸರಿ ಇದೆಯಾ ಅಂತ ಕೇಳುತ್ತೆ, ನಂಬರ್ ಸರಿ ಇದೆಯಾ ಅಂತ ಕೇಳುತ್ತೆ, ಇದನ್ನ ಯಾರ್ಯಾರು ಓದ್ತಾರೆ ಗೊತ್ತಾ ಅಂತ ಕೇಳಲ್ಲ. ಅದನ್ನ ಕೂರಿಸೋ ನಮ್ಮಂಥವರೇ ಕೇಳಬೇಕಿತ್ತು. ಚಿಕ್ಕಪ್ಪನ್ನ ಪಕ್ಕದಲ್ಲಿ ಕೂರಿಸಿಕೊಳ್ಳದೆ ನಾನು ಆ ಗುಂಡಿ ಒತ್ತಿದ್ದೇ ತಪ್ಪು.

ರೂಮ್‌ಮೇಟ್‌ಗೆ ಹೇಳಿದ್ರೆ “ಎಲ್ಲಾ ಆ್ಯಪ್‌ಗೂ ಕಾಂಟ್ಯಾಕ್ಟ್ ಪರ್ಮಿಷನ್ ಕೊಟ್ಟಿರ್ತೀವಲ್ಲ, ಇದರಲ್ಲೇನು ಹೊಸದು” ಅಂದ. ಅದೂ ತಪ್ಪೇ. ಆದ್ರೆ ಆ ಸರ್ವರ್ ಎಲ್ಲೋ ಇರುತ್ತೆ, ಗೌಡ್ರು ತಿಪಟೂರಲ್ಲೇ ಇದ್ದಾರೆ. (2023ರ ಡೇಟಾ ರಕ್ಷಣೆ ಕಾಯ್ದೆ ಕೂಡ ವ್ಯಕ್ತಿಯ ಸ್ವಂತ ಬಳಕೆ, ಮನೆಬಳಕೆಯನ್ನ ಹೊರಗಿಟ್ಟಿದೆ. ಫೋನಿಂದ ಅಂಗಡಿಯ ಬುಕ್ಕಿಗೆ ಹೋದ ಮೇಲೆ ಅದು ಮನೆಬಳಕೆ ಅಂತ ಹೇಳೋದು ಕಷ್ಟ.) ನಮ್ಮ ಫೆಸ್ಟ್ ಕಮಿಟಿಗಳಲ್ಲಿ ಏನು ಮಾಡ್ತೀವಿ ನೆನಪಿಸ್ಕೊಳ್ಳಿ. ಜೂನಿಯರ್ ಹುಡುಗಿಯರ ನಂಬರ್, ಪಕ್ಕದಲ್ಲಿ ಯಾರೋ ತಮಾಷೆಗೆ ಬರೆದ ಅಡ್ಡಹೆಸರು, ಎಲ್ಲಾ ಒಂದೇ ಶೀಟಲ್ಲಿ ನಲವತ್ತು ಜನಕ್ಕೆ.

ಇಂಪೋರ್ಟ್ ಮಾಡಿದ್ದನ್ನೆಲ್ಲಾ ಅಳಿಸಿದೆ. ಎರಡು ಸಂಜೆ ಚಿಕ್ಕಪ್ಪನ ಜೊತೆ ಕೂತು ಒಂದೊಂದೇ ನೋಡಿದ್ವಿ. ಚಿಕ್ಕಮ್ಮನ ಚೀಟಿ ಗುಂಪು, ಡಾಕ್ಟ್ರು, ನೆಂಟರು ಹೊರಗೆ. ಗಿರಾಕಿಗಳಿಗೆ ಮಾತ್ರ ‘ಅಂಗಡಿ’ ಅನ್ನೋ ಲೇಬಲ್ ಹಾಕಿ ಅಷ್ಟನ್ನೇ ತೆಗೆದ್ವಿ. ಎದುರಿಗೆ ಸಿಕ್ಕಾಗ ಹೇಗೆ ಕರೀತೀವೋ ಅದೇ ಹೆಸರು, ಊರು ಕಂಪನಿ ಅನ್ನೋ ಕಾಲಮ್ಮಿಗೆ. ಈಗ ಹೊಸಹಳ್ಳಿ ಒಂದು ಕಂಪನಿ. ಉಳಿದದ್ದು ನಾನೂರರ ಹತ್ತಿರ.

ಗೌಡ್ರ ನಂಬರ್ ಬಂದಾಗ “ಹಾಕ್ಲಾ?” ಅಂತ ಕೇಳಿದೆ. “ಬೇಡ, ಅದು ನನ್ನ ಫೋನಲ್ಲೇ ಇರ್ಲಿ” ಅಂದ್ರು. ಅಂಗಡಿ ನಂಬರಿಗೆ ಅವರು ಆಮೇಲೆ ಫೋನ್ ಮಾಡಿಲ್ಲ.