ಬಿಡಿಭಾಗ ಸುಡಲಿ, ಕಲಿಕೆ ಉಳಿಯಲಿ

ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದ ನಂತರ ಕೋಲಾರ ಚಿನ್ನದ ಗಣಿ ಪ್ರದೇಶದ ಬದುಕು ರೈಲಿನ ವೇಳಾಪಟ್ಟಿಗೆ ಹೊಂದಿಕೊಂಡಿತು. ಗಣಿಯ ಆಳಕ್ಕೆ ಇಳಿಯುತ್ತಿದ್ದವರ ಮಕ್ಕಳು ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋಗಿಬರತೊಡಗಿದರು. ಇಂದು ಅವರಲ್ಲಿ ಎಂಜಿನಿಯರಿಂಗ್ ಪದವೀಧರರೂ ಇದ್ದಾರೆ. ಇನ್ನೊಂದೆಡೆ, ಇದೇ ಜಿಲ್ಲೆಯ ನರಸಾಪುರದಲ್ಲಿ ವಿಸ್ಟ್ರಾನ್ ಕಂಪನಿ ಆರಂಭಿಸಿದ್ದ ಐಫೋನ್ ಜೋಡಣಾ ಘಟಕ 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್‌ನ ವಶಕ್ಕೆ ಬಂದಿದೆ. ಎಲೆಕ್ಟ್ರಾನಿಕ್ಸ್ ಉದ್ಯಮ ಹೀಗೆ ಮನೆಯ ಬಾಗಿಲಿಗೇ ಬಂದು ನಿಂತಿರುವಾಗ, ಈ ಭಾಗದ ವಿದ್ಯಾರ್ಥಿಗಳು ಅದರಲ್ಲಿ ಯಾವ ಮೆಟ್ಟಿಲಿನ ಮೇಲೆ ನಿಲ್ಲುತ್ತಾರೆ ಎಂಬುದು ಗಂಭೀರ ಪ್ರಶ್ನೆ. ಬೇರೆಯವರು ವಿನ್ಯಾಸಗೊಳಿಸಿದ್ದನ್ನು ಜೋಡಿಸುವುದಕ್ಕೆ ಮಾತ್ರ ಅವರು ಸೀಮಿತರಾಗಬೇಕೇ? ಇದಕ್ಕೆ ಉತ್ತರವನ್ನು ಕೈಗಾರಿಕಾ ನೀತಿಯ ಪುಟಗಳಲ್ಲಿ ಹುಡುಕುವ ಮೊದಲು ಮೊದಲ ವರ್ಷದ ಎಂಜಿನಿಯರಿಂಗ್ ತರಗತಿಯೊಳಗೆ ಇಣುಕಿ ನೋಡುವುದು ಒಳ್ಳೆಯದು.

ಕೈಯಾರೆ ಸರ್ಕಿಟ್ ಕಟ್ಟಿ ಕಲಿಯುವ ಪರಂಪರೆ ಕೆಜಿಎಫ್‌ಗೆ ಹೊಸತಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರ ತಂತಿ ಎಳೆದು ಈ ಗಣಿಗಳಿಗೆ ವಿದ್ಯುತ್ ತಂದಾಗ ಬೆಂಗಳೂರಿನ ಬೀದಿಗಳಿನ್ನೂ ವಿದ್ಯುದ್ದೀಪ ಕಂಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ನೆನೆಯಬೇಕಾದ್ದು ಬಿ.ವಿ. ಶ್ರೀಕಂಠನ್ ಅವರ ಉದಾಹರಣೆ. ಮೈಸೂರು ಸೀಮೆಯಲ್ಲಿ ಹುಟ್ಟಿ, ಭೌತಶಾಸ್ತ್ರ ಓದುವಾಗ ವೈರ್‌ಲೆಸ್ ವಿಷಯವನ್ನು ವಿಶೇಷವಾಗಿ ಅಭ್ಯಾಸ ಮಾಡಿದ ಈ ತರುಣ 1948ರಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಹೋಮಿ ಭಾಭಾ ಅವರ ಸಲಹೆಯಂತೆ 1950ರ ದಶಕದ ಆರಂಭದಲ್ಲಿ ಗೈಗರ್ ಕೌಂಟರ್‌ಗಳನ್ನು ಹೊತ್ತು ಕೋಲಾರದ ಗಣಿಗಳಿಗೆ ಇಳಿದು, ಭೂಮಿಯ ಆಳದಲ್ಲಿ ವಿಶ್ವಕಿರಣಗಳ ತೀವ್ರತೆಯನ್ನು ಅಳೆದರು. ಆಗ ಅವರಿನ್ನೂ ಪಿಎಚ್.ಡಿ. ವಿದ್ಯಾರ್ಥಿ. ಬೇಕಾದ ಉಪಕರಣ ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತಿದ್ದ ಕಾಲವೂ ಅದಲ್ಲ. ಮುಂದೆ ಅವರು ಅದೇ ಸಂಸ್ಥೆಯ ನಿರ್ದೇಶಕರಾದರು.

ಅವರು ತೆರೆದ ಹಾದಿಯಲ್ಲಿ ಮುಂದುವರಿದವರು 1960ರ ದಶಕದ ಆರಂಭದಲ್ಲಿ ಗಣಿಯ ಅತ್ಯಂತ ಆಳದ ಹಂತದಲ್ಲಿ ಉಪಕರಣವಿಟ್ಟು ಕಾದರು. ಸುಮಾರು ಎರಡು ತಿಂಗಳು ಕಳೆದರೂ ಒಂದೇ ಒಂದು ಕಣವೂ ದಾಖಲಾಗಲಿಲ್ಲ. ಅನನುಭವಿಯ ಕಣ್ಣಿಗೆ ಇದು ವಿಫಲ ಪ್ರಯೋಗ. ಆದರೆ ಉಪಕರಣ ಕೆಟ್ಟಿದೆಯೋ ಅಥವಾ ಅಲ್ಲಿಗೆ ನಿಜಕ್ಕೂ ಕಣಗಳು ತಲುಪುತ್ತಿಲ್ಲವೋ ಎಂಬುದನ್ನು ಧೈರ್ಯವಾಗಿ ಹೇಳಬೇಕಾದರೆ ಆ ಉಪಕರಣದ ನಾಡಿಮಿಡಿತ ಬಲ್ಲವರೇ ಆಗಿರಬೇಕು. ಅಷ್ಟು ನಿಶ್ಶಬ್ದವಾದ ಜಾಗವೇ ನ್ಯೂಟ್ರಿನೋ ಹುಡುಕಲು ತಕ್ಕ ಜಾಗವೆಂದು ಅವರು ತೀರ್ಮಾನಿಸಿದರು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿ.ಮೀ. ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಕುರುಹು ಜಗತ್ತಿನಲ್ಲೇ ಮೊದಲ ಬಾರಿಗೆ ದೊರೆತವುಗಳ ಸಾಲಿಗೆ ಸೇರಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ನಡೆದ ಪ್ರಯೋಗದ ಫಲಿತಾಂಶವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಪ್ರಕಟವಾಯಿತು.

ಮೊದಲ ವರ್ಷದ ವಿದ್ಯಾರ್ಥಿಯಿಂದ ನ್ಯೂಟ್ರಿನೋ ಹುಡುಕಾಟವನ್ನು ಯಾರೂ ನಿರೀಕ್ಷಿಸುವುದಿಲ್ಲ. ಆದರೆ ಆ ವಿದ್ಯೆಯ ಬೀಜ ಒಂದು ಪುಟ್ಟ ಬ್ರೆಡ್‌ಬೋರ್ಡಿನ ಮೇಲೆಯೂ ಮೊಳೆಯಬಲ್ಲದು. 1972ರಲ್ಲಿ ಮಾರುಕಟ್ಟೆಗೆ ಬಂದು ಇಂದಿಗೂ ಬಳಕೆಯಲ್ಲಿರುವ 555 ಟೈಮರ್ ಐಸಿಯನ್ನೇ ತೆಗೆದುಕೊಳ್ಳೋಣ. ಒಂದು ಕಿಲೋ ಓಮ್ ಮತ್ತು 68 ಕಿಲೋ ಓಮ್‌ಗಳ ಎರಡು ರೆಸಿಸ್ಟರ್, ಹತ್ತು ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ ಜೋಡಿಸಿದರೆ ಎಲ್‌ಇಡಿ ದೀಪ ಸುಮಾರು 0.95 ಸೆಕೆಂಡಿಗೊಮ್ಮೆ ಮಿನುಗಬೇಕೆಂದು ಸೂತ್ರ ಹೇಳುತ್ತದೆ. ಕೈಯಲ್ಲಿ ಗಡಿಯಾರ ಹಿಡಿದು ಎಣಿಸಿದಾಗ ಅದು 0.8 ಆಗಿರಬಹುದು, 1.1 ಕೂಡ ಆಗಿರಬಹುದು. ಏಕೆಂದರೆ ಸಾಮಾನ್ಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಮೇಲೆ ಮುದ್ರಿಸಿದ ಮೌಲ್ಯಕ್ಕೂ ಅದರ ನಿಜವಾದ ಮೌಲ್ಯಕ್ಕೂ ಶೇ 20ರಷ್ಟು ಅಂತರವಿರಬಹುದು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಈ ಅಂತರಕ್ಕೆ ಜಾಗವಿಲ್ಲ. ಎಂಜಿನಿಯರನ ಬದುಕೆಲ್ಲ ಈ ಅಂತರದೊಡನೆಯೇ ಸಾಗಬೇಕು. ಹಾಗೆಯೇ, ಒಂಬತ್ತು ವೋಲ್ಟ್ ಬ್ಯಾಟರಿಗೆ ಎಲ್‌ಇಡಿಯನ್ನು ನೇರವಾಗಿ ಜೋಡಿಸಿ ಸುಟ್ಟುಕೊಂಡ ವಿದ್ಯಾರ್ಥಿಗೆ ನಡುವೆ 470 ಓಮ್ ರೆಸಿಸ್ಟರ್ ಏಕಿರಬೇಕೆಂದು ಎರಡನೆಯ ಸಲ ಹೇಳಿಕೊಡಬೇಕಾಗಿಲ್ಲ.

ಹಾಗಿದ್ದರೆ ನಮ್ಮ ಕಾಲೇಜುಗಳಲ್ಲಿ ಇದು ಏಕೆ ಸಾಕಷ್ಟು ನಡೆಯುವುದಿಲ್ಲ? ಉಪಕರಣಗಳ ಕೊರತೆ ಎಂಬುದು ಸಿದ್ಧ ಉತ್ತರ. ಆಡಳಿತದಲ್ಲಿ ವರ್ಷಗಟ್ಟಲೆ ಕಡತ ನೋಡಿದವರಿಗೆ ಕಾಣುವ ಕಾರಣ ಬೇರೆ. ನಮ್ಮ ಲೆಕ್ಕಪತ್ರ ವ್ಯವಸ್ಥೆ ಬಂಡವಾಳ ವೆಚ್ಚಕ್ಕೆ ಉದಾರಿ, ಆವರ್ತಕ ವೆಚ್ಚಕ್ಕೆ ಜಿಪುಣ. ಲಕ್ಷ ರೂಪಾಯಿಯ ಆಸಿಲೋಸ್ಕೋಪ್ ಖರೀದಿಗೆ ಮಂಜೂರಾತಿ ದೊರೆಯುತ್ತದೆ, ಉದ್ಘಾಟನೆಯೂ ಆಗುತ್ತದೆ. ಆದರೆ ಪ್ರತಿ ಸೆಮಿಸ್ಟರ್ ಬೇಕಾಗುವ ರೆಸಿಸ್ಟರ್, ಐಸಿ, ಬೆಸುಗೆ ತಂತಿಗೆ ಹಣ ಹೊಂದಿಸುವುದು ತ್ರಾಸದ ಕೆಲಸ. ದಾಸ್ತಾನು ವಹಿಯಲ್ಲಿ ನಮೂದಾದ ವಸ್ತು ಕೆಟ್ಟರೆ ವಿವರಣೆ ನೀಡಬೇಕಾದವರು ಬೋಧಕರು. ಆಡಿಟ್ ಆಕ್ಷೇಪಣೆಗೆ ಉತ್ತರ ಬರೆಯುವುದಕ್ಕಿಂತ ಬೀರುವಿಗೆ ಬೀಗ ಹಾಕುವುದೇ ಕ್ಷೇಮವೆಂದು ಅವರು ಭಾವಿಸಿದರೆ ಅವರನ್ನು ದೂರುವಂತಿಲ್ಲ. ಪರಿಣಾಮವಾಗಿ ಐದಾರು ವಿದ್ಯಾರ್ಥಿಗಳ ಗುಂಪಿನಲ್ಲಿ ಒಬ್ಬ ತಂತಿ ಜೋಡಿಸುತ್ತಾನೆ, ಇನ್ನೊಬ್ಬಳು ಬರೆದುಕೊಳ್ಳುತ್ತಾಳೆ, ಉಳಿದವರು ನೋಡುತ್ತಾರೆ. ಹತ್ತು ರೂಪಾಯಿಯ ವಸ್ತು ಉಳಿಯಿತು; ನಾಲ್ಕು ವರ್ಷದ ಶುಲ್ಕ ತೆತ್ತ ಕುಟುಂಬಕ್ಕಾದ ನಷ್ಟ ಯಾವ ವಹಿಯಲ್ಲೂ ದಾಖಲಾಗುವುದಿಲ್ಲ.

ಈ ನಷ್ಟ ಎಲ್ಲರಿಗೂ ಸಮಾನವಲ್ಲ ಎಂಬುದನ್ನೂ ಗಮನಿಸಬೇಕು. ಬೆಂಗಳೂರಿನ ಅನುಕೂಲಸ್ಥ ಮನೆಯ ಹುಡುಗ ಶಾಲಾ ದಿನಗಳಲ್ಲೇ ಆರ್ಡಿನೋ ಬೋರ್ಡ್ ಹಿಡಿದು ಆಡಿರುತ್ತಾನೆ; ಬಿಡಿಭಾಗ ಬೇಕಾದರೆ ಎಸ್.ಪಿ. ರಸ್ತೆ ಅವನಿಗೆ ಹತ್ತಿರ. ಗಣಿ ಕಾರ್ಮಿಕರ ಲೈನು ಮನೆಗಳಿಂದಲೋ ಬಂಗಾರಪೇಟೆ ಸುತ್ತಲಿನ ಹಳ್ಳಿಗಳಿಂದಲೋ ಬರುವ, ಮನೆಯಲ್ಲಿ ತಮಿಳು, ತೆಲುಗು ಅಥವಾ ಕನ್ನಡವಾಡುವ, ಇಂಗ್ಲಿಷ್ ಪಠ್ಯದೊಂದಿಗೆ ಹೆಣಗುವ ವಿದ್ಯಾರ್ಥಿಗೆ ಕಾಲೇಜಿನ ಮೇಜೇ ಮೊದಲ ಮತ್ತು ಏಕೈಕ ಅವಕಾಶ. ಸರ್ಕಿಟ್‌ಗೆ ಭಾಷೆಯ ಹಂಗಿಲ್ಲ. ತಪ್ಪು ಜೋಡಿಸಿದರೆ ಯಾರದ್ದೇ ಆಗಲಿ ಅದು ಉರಿಯದು. ಸರಿ ಜೋಡಿಸಿದರೆ ಯಾರದ್ದೇ ಆಗಲಿ ಉರಿಯುತ್ತದೆ. ಇಷ್ಟು ನಿಷ್ಪಕ್ಷಪಾತಿಯಾದ ಪರೀಕ್ಷಕ ಬೇರೊಬ್ಬನಿಲ್ಲ.

ಕಂಪ್ಯೂಟರಿನಲ್ಲಿ ಸಿಮ್ಯುಲೇಷನ್ ಸೌಲಭ್ಯವಿರುವಾಗ ವಸ್ತುಗಳನ್ನು ಸುಡುವ ಖರ್ಚೇಕೆ ಎಂದು ಕೇಳುವವರಿದ್ದಾರೆ. ಸಿಮ್ಯುಲೇಷನ್ ಉಪಯುಕ್ತ, ಸಂಶಯವಿಲ್ಲ. ಆದರೆ ಸಡಿಲವಾದ ತಂತಿ, ಒಣಗಿದ ಬೆಸುಗೆ, ಇಳಿದುಹೋದ ಬ್ಯಾಟರಿ ಇವು ಸಾಮಾನ್ಯವಾಗಿ ಪರದೆಯ ಮೇಲೆ ಬರುವುದಿಲ್ಲ. ದೋಷ ಎಲ್ಲಿದೆಯೆಂದು ಹೆಜ್ಜೆ ಹೆಜ್ಜೆಯಾಗಿ ಹುಡುಕುವ ತಾಳ್ಮೆಯೇ ಈ ವೃತ್ತಿಯ ತಿರುಳು. ಆ ತಾಳ್ಮೆ ಮೊದಲ ವರ್ಷದಲ್ಲಿ ಬೆಳೆಯದಿದ್ದರೆ ಅಂತಿಮ ವರ್ಷದಲ್ಲಿ ಹಣ ಕೊಟ್ಟು ಸಿದ್ಧ ಪ್ರಾಜೆಕ್ಟ್ ಕೊಂಡು ತರುವ ಪರಿಪಾಠಕ್ಕೆ ದಾರಿಯಾಗುತ್ತದೆ. ಈ ಪರಿಪಾಠ ಯಾರಿಗೂ ಗುಟ್ಟಾಗಿ ಉಳಿದಿಲ್ಲ.

ಸರ್ಕಾರಗಳು ಸುಮ್ಮನೆ ಕುಳಿತಿವೆ ಎನ್ನಲಾಗದು. ಶಾಲೆಗಳಿಗೆ ಅಟಲ್ ಟಿಂಕರಿಂಗ್ ಲ್ಯಾಬ್ ಬಂದಿವೆ. ಐದು ವರ್ಷಗಳಲ್ಲಿ ಇನ್ನೂ 50 ಸಾವಿರ ಲ್ಯಾಬ್ ಸ್ಥಾಪಿಸುವುದಾಗಿ 2025ರ ಕೇಂದ್ರ ಬಜೆಟ್ ಘೋಷಿಸಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷಕ್ಕೇ ನಾವೀನ್ಯ ಮತ್ತು ವಿನ್ಯಾಸ ಚಿಂತನೆಯ ವಿಷಯವನ್ನು ಸೇರಿಸಿತು. ಇವು ಸ್ವಾಗತಾರ್ಹ. ಆದರೆ ಬೀರುವಿನ ಬೀಗ ತೆಗೆಯದೆ ವಿಷಯದ ಹೆಸರು ಬದಲಿಸಿದರೆ ಪ್ರಯೋಜನವಾಗದು.

ಆಗಬೇಕಾದ ಕೆಲಸಗಳು ದೊಡ್ಡವೇನಲ್ಲ. ಮೊದಲನೆಯದಾಗಿ, ಪ್ರತಿ ವಿದ್ಯಾರ್ಥಿಗೂ ಬ್ರೆಡ್‌ಬೋರ್ಡ್, ಅಗ್ಗದ ಮಲ್ಟಿಮೀಟರ್ ಮತ್ತು ಬಿಡಿಭಾಗಗಳ ಒಂದು ಪೆಟ್ಟಿಗೆ ದೊರೆಯಬೇಕು. ಸಾವಿರ ರೂಪಾಯಿಯೊಳಗೆ ಮುಗಿಯುವ ಈ ವೆಚ್ಚ ಈಗಿನ ಶುಲ್ಕದಲ್ಲೇ ಅಡಗಬೇಕು, ಪೆಟ್ಟಿಗೆ ವಿದ್ಯಾರ್ಥಿಯ ಸ್ವಂತದ್ದಾಗಬೇಕು. ಎರಡನೆಯದಾಗಿ, ಸಣ್ಣ ಬಿಡಿಭಾಗಗಳನ್ನು ಬಳಕೆಯ ಸಾಮಗ್ರಿಯೆಂದೇ ಪರಿಗಣಿಸಿ, ಬೋಧಕರ ಒಂದು ಸಾಲಿನ ಷರಾದ ಮೇಲೆ ವಹಿಯಿಂದ ತೆಗೆದುಹಾಕಲು ಅವಕಾಶವಿರಬೇಕು. ಮೂರನೆಯದಾಗಿ, ದೀಪ ಹತ್ತಿತೇ ಎಂಬುದಕ್ಕಷ್ಟೇ ಅಲ್ಲದೆ, ಹತ್ತದಿದ್ದಾಗ ವಿದ್ಯಾರ್ಥಿ ಏನೇನು ಪರೀಕ್ಷಿಸಿದ ಎಂಬ ದೋಷಶೋಧನೆಯ ದಿನಚರಿಗೂ ಅಂಕವಿರಬೇಕು.

ನಾಲ್ಕನೆಯದಾಗಿ, ಪ್ರಾಜೆಕ್ಟ್‌ಗಳು ಊರಿನ ಬದುಕಿನಿಂದ ಹುಟ್ಟಬೇಕು. ಹನಿ ನೀರಿಗೂ ಪರದಾಡುವ ಜಿಲ್ಲೆಯಲ್ಲಿ ತೊಟ್ಟಿ ತುಂಬಿ ಹರಿಯುವ ಮುನ್ನ ಎಚ್ಚರಿಸುವ ಅಲಾರಂ, ಒಂದು ಫೇಸ್ ಹೋದಾಗ ಕೊಳವೆಬಾವಿಯ ಮೋಟಾರು ಸುಡದಂತೆ ಸೂಚನೆ ನೀಡುವ ಸರ್ಕಿಟ್, ರೇಷ್ಮೆ ಹುಳು ಸಾಕುವ ಮನೆಯ ಉಷ್ಣತೆ ಮತ್ತು ತೇವಾಂಶ ತೋರಿಸುವ ಮೀಟರ್ ಇವೆಲ್ಲ ಆರಂಭಿಕರ ಅಳವಿಗೆ ಸಿಗುವಂಥವು. ಮಾದರಿಯನ್ನು ಮೊದಲು ಬ್ಯಾಟರಿಯ ಮೇಲೆ ಪರೀಕ್ಷಿಸಿ, ಮುಖ್ಯ ವಿದ್ಯುತ್ತಿನ ಸಂಪರ್ಕವನ್ನು ಬೋಧಕರ ಉಸ್ತುವಾರಿಗೆ ಬಿಟ್ಟರಾಯಿತು. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್‌ನಲ್ಲಿ ದುಡಿದು ನಿವೃತ್ತರಾದ ನುರಿತ ತಂತ್ರಜ್ಞರು ಇಲ್ಲಿದ್ದಾರೆ, ಉರಿಗಾಂನಲ್ಲಿ ಡಾ. ಟಿ. ತಿಮ್ಮಯ್ಯ ತಾಂತ್ರಿಕ ಮಹಾವಿದ್ಯಾಲಯವಿದೆ. ಅನುಭವವನ್ನೂ ತರಗತಿಯನ್ನೂ ವಾರಕ್ಕೊಂದು ಸಂಜೆ ಒಂದೇ ಮೇಜಿಗೆ ತರಲು ಹೊಸ ಯೋಜನೆಯೇನೂ ಬೇಡ, ಇಚ್ಛಾಶಕ್ತಿ ಸಾಕು.

ಭೂಮಿಯೊಳಗಿನ ಚಿನ್ನ ತೆಗೆಯಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಬಂಡವಾಳ ಸುರಿದ ನೆಲವಿದು. ಆ ಚಿನ್ನ ಹೊರಗೆ ಹೋಯಿತು, ಊರಿಗೆ ಉಳಿದದ್ದು ಸಯನೈಡ್ ಮಣ್ಣಿನ ದಿಬ್ಬಗಳು. ಈಗ ಇಲ್ಲಿನ ಮಕ್ಕಳ ಕೈಚಳಕದ ಮೇಲೆ ತಲೆಗೆ ಸಾವಿರ ರೂಪಾಯಿ ಹೂಡಲು ನಾವು ಲೆಕ್ಕ ಹಾಕುತ್ತ ಕೂರುವುದು ಅರ್ಥಶಾಸ್ತ್ರವೂ ಅಲ್ಲ, ವಿವೇಕವೂ ಅಲ್ಲ. ಮುಂದಿನ ಸೆಮಿಸ್ಟರ್ ಆರಂಭವಾಗುವ ಮೊದಲು ವಿಶ್ವವಿದ್ಯಾಲಯ ಮತ್ತು ಕಾಲೇಜು ಆಡಳಿತ ಮಂಡಳಿಗಳು ಪ್ರಯೋಗಾಲಯದ ಬೀರುಗಳ ಬೀಗ ತೆಗೆಸಲಿ.